ಬ್ಯಾಟರಿ ಸತ್ತಿಲ್ಲ, ಚಳಿ ಹಿಡಿದಿದೆ!

ಮನಾಲಿ ಕಡೆ ಪ್ರವಾಸ ಹೊರಟ ನಮ್ಮೂರ ಮಹನೀಯರು ಇದನ್ನು ಓದಿಯೇ ಬಸ್ಸು ಹತ್ತಿ. ರೋಹ್ತಾಂಗ್ ಪಾಸ್ 3,978 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟು! ಹಿಮದಲ್ಲಿ ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಗುಂಡಿ ಒತ್ತಬೇಕು, ಅಷ್ಟರಲ್ಲಿ ಕ್ಯಾಮೆರಾ 'ಬ್ಯಾಟರಿ ಖಾಲಿ' ಅನ್ನುತ್ತೆ. ಮತ್ತೆ ಅಷ್ಟು ದೂರ ಹೋಗೋದು ಯಾವ ಕಾಲಕ್ಕೋ!

ಹಾಳಾಯ್ತು ಅಂತ ಬಿಸಾಡಬೇಡಿ ಸ್ವಾಮಿ. ಚಳಿಗೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಮಂದವಾಗಿ ವೋಲ್ಟೇಜ್ ಇಳಿಯುತ್ತದೆ, ಅಷ್ಟೇ. ಒಳಜೇಬಿನಲ್ಲಿಟ್ಟು ಮೈಬಿಸಿ ತಾಗಿಸಿ. ಉಳಿದ ಚಾರ್ಜು ಮತ್ತೆ ಕೆಲಸಕ್ಕೆ ಬರುತ್ತದೆ. ಇನ್ನೊಂದು ಬ್ಯಾಟರಿ ಇದ್ದರೆ ಅದಲುಬದಲು ಮಾಡುತ್ತಿರಿ. ಜೊತೆಗೆ ಚಿಲ್ಲರೆ ಕಾಸು, ಬೀಗದಕೈ ಬೇಡ, ಶಾರ್ಟ್ ಆದೀತು. ಬೆಂಕಿಗಂತೂ ಹಿಡಿಯಲೇಬೇಡಿ.

ರಾತ್ರಿ ಕೋಣೆಗೆ ಬಂದೊಡನೆ ಚಾರ್ಜಿಗೂ ಹಾಕಬೇಡಿ, ಮೊದಲು ಬೆಚ್ಚಗಾಗಲಿ. ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜು ಮಾಡಿದರೆ ಲಿಥಿಯಂ ಬ್ಯಾಟರಿ ನಿಜವಾಗಿಯೂ ಕೆಡುತ್ತದೆ.