ಅರಿವಿಗೆ ಮುನ್ನವೇ ಅರಿಯುವ ಮೆದುಳು

ಕೋಣೆಯಲ್ಲಿ ಫ್ಯಾನು ತಿರುಗುತ್ತಿರುವಷ್ಟು ಹೊತ್ತು ಅದರ ಸದ್ದು ನಮ್ಮ ಗಮನಕ್ಕೆ ಬರುವುದೇ ಇಲ್ಲ. ವಿದ್ಯುತ್ತು ಹೋಗಿ ಅದು ನಿಂತೊಡನೆ ಓದುತ್ತಿದ್ದ ಪತ್ರಿಕೆಯಿಂದ ತಲೆಯೆತ್ತುತ್ತೇವೆ. ಗಮನಿಸದಿದ್ದ ಸದ್ದು ನಿಂತಿತೆಂದು ತಿಳಿದುದಾದರೂ ಹೇಗೆ? ನಮಗೆ ಅರಿವಿಲ್ಲದಂತೆ ಯಾರೋ ಅದರ ಲೆಕ್ಕ ಇಡುತ್ತಿದ್ದಿರಬೇಕಲ್ಲವೆ?

ಆ ಲೆಕ್ಕಿಗ ನಮ್ಮ ಮೆದುಳೇ ಎಂಬುದಕ್ಕೆ ಪುರಾವೆಯನ್ನು ಫಿನ್ಲೆಂಡಿನ ಮನಶ್ಶಾಸ್ತ್ರಜ್ಞ ರಿಸ್ಟೊ ನಾಟನೆನ್ ಮತ್ತು ಅವರ ಸಹೋದ್ಯೋಗಿಗಳು 1978ರಲ್ಲಿ ಪ್ರಕಟಿಸಿದರು. ಎರಡು ಕಿವಿಗಳಿಗೂ ಧ್ವನಿಗಳನ್ನು ಕೇಳಿಸಿ, ಒಂದು ಕಿವಿಯದನ್ನು ಮಾತ್ರ ಗಮನಿಸಬೇಕೆಂದು ಸೂಚಿಸಲಾಗಿತ್ತು. ಒಂದೇ ಬಗೆಯ ಧ್ವನಿ ಮರಮರಳಿ ಬರುವ ನಡುವೆ ಅಪರೂಪಕ್ಕೊಮ್ಮೆ ತುಸು ಭಿನ್ನವಾದ ಧ್ವನಿ. ಅದು ಅಲಕ್ಷಿಸಿದ ಕಿವಿಗೆ ಬಿದ್ದಾಗಲೂ, ಸುಮಾರು ಕಾಲು ಸೆಕೆಂಡಿನೊಳಗೆ, ಇ.ಇ.ಜಿ. ರೇಖೆಯಲ್ಲಿ ಒಂದು ಋಣಾತ್ಮಕ ಅಲೆ ಮೂಡಿತು. ಇದಕ್ಕೆ 'ಮಿಸ್‌ಮ್ಯಾಚ್ ನೆಗೆಟಿವಿಟಿ' ಎಂದು ಹೆಸರು.

ಬ್ಯಾಂಕಿನವನಾದ ನನಗೆ ಇದು ತಾಳೆ ನೋಡುವ ಕೆಲಸದಂತೆಯೇ ಕಾಣುತ್ತದೆ. ಕಳೆದ ಕೆಲವು ಸೆಕೆಂಡುಗಳಲ್ಲಿ ಕೇಳಿದುದರ ಜಾಡನ್ನು ಮೆದುಳು ಉಳಿಸಿಕೊಂಡಿರುತ್ತದೆ. ಹೊಸ ಧ್ವನಿ ಅದಕ್ಕೆ ಹೊಂದದಿದ್ದರೆ ಗುರುತು ಹಾಕುತ್ತದೆ. ಹಾಗೆ ಗುರುತಾದ ವ್ಯತ್ಯಾಸಗಳೆಲ್ಲವೂ ಮೇಲಧಿಕಾರಿಯ ಮೇಜಿಗೆ, ಅಂದರೆ ನಮ್ಮ ಎಚ್ಚರದ ಅರಿವಿಗೆ, ತಲುಪುವುದಿಲ್ಲ.

ರೋಗಿಯ ಗಮನ ಬೇಡದ ಈ ಪರೀಕ್ಷೆಯು ಕೋಮಾದಲ್ಲಿರುವವರಿಗೂ ಸಾಧ್ಯವಾಯಿತು. ಪ್ರಜ್ಞೆಯಿಲ್ಲದೆ ಮಲಗಿರುವ ಆಪ್ತರ ಮಂಚದ ಬಳಿ ಕುಳಿತವರಿಗೆ ಇರುವುದು ಒಂದೇ ಪ್ರಶ್ನೆ: ಇವರು ಎಚ್ಚರಗೊಳ್ಳುವರೆ? ಫ್ರಾನ್ಸಿನ ಲಿಯಾನ್ ನಗರದಲ್ಲಿ ಕ್ಯಾಥರೀನ್ ಫಿಶರ್ ಮತ್ತು ಸಂಗಡಿಗರು ಇಂತಹ 128 ರೋಗಿಗಳನ್ನು ಪರೀಕ್ಷಿಸಿ 1999ರಲ್ಲಿ ವರದಿಯಿತ್ತರು. ಅಲೆ ಕಂಡದ್ದು 33 ಮಂದಿಯಲ್ಲಿ. ಅವರಲ್ಲಿ 30 ಮಂದಿಗೆ ಪ್ರಜ್ಞೆ ಮರಳಿತು. ಇಷ್ಟನ್ನೇ ಓದಿ, ಅಲೆ ಕಾಣದವರ ಬಂಧುಗಳು ಆಸೆ ಬಿಡಬಾರದು. ಖಾತೆಯ ಇನ್ನೊಂದು ಪುಟವನ್ನೂ ನೋಡಬೇಕು: ಅಲೆ ಕಾಣದ 95 ಮಂದಿಯಲ್ಲಿಯೂ 65 ಮಂದಿ ಎಚ್ಚರಗೊಂಡರು. ಅಲೆ ಇದ್ದರೆ ಅದು ಬಲವಾದ ಭರವಸೆ. ಇಲ್ಲದಿದ್ದರೆ ಅದೊಂದರಿಂದಲೇ ಏನನ್ನೂ ನಿರ್ಧರಿಸಲಾಗದು. ಇತರ ಪರೀಕ್ಷೆಗಳೊಡನೆ ಕೂಡಿಸಿಯೇ ವೈದ್ಯರು ಅದನ್ನು ಓದುತ್ತಾರೆ.

ಅಲೆ ಮೂಡಿತೆಂದ ಮಾತ್ರಕ್ಕೆ ರೋಗಿಗೆ ನಮ್ಮ ಮಾತು ಅರ್ಥವಾಗುತ್ತಿದೆಯೆಂದೂ ಅಲ್ಲ; ಒಂದು ಧ್ವನಿಯಿಂದ ಇನ್ನೊಂದು ಬೇರೆಯೆಂದು ಅವರ ಮೆದುಳು ಗುರುತಿಸಿತು, ಅಷ್ಟೆ.