ಉರಿಯೂತಕ್ಕೆ ಲಗಾಮು ಹಾಕುವ ಟಿಟಿಪಿ

ಆ ಇಲಿಮರಿಗಳು ಹುಟ್ಟುವಾಗ ಗಟ್ಟಿಮುಟ್ಟಾಗಿಯೇ ಇದ್ದವು. ವಾರಗಳು ಕಳೆಯುತ್ತಿದ್ದಂತೆ ಬಡಕಲಾದವು. ಚರ್ಮ ಕೆರಳಿತು, ಕಾಲಿನ ಕೀಲುಗಳು ಬಾತುಕೊಂಡು ಸಂಧಿವಾತ ಹಿಡಿಯಿತು. ಅವುಗಳಲ್ಲಿ ಇಲ್ಲದಿದ್ದುದು ಒಂದೇ ಒಂದು ವಂಶವಾಹಿ. ಅದು ಟ್ರಿಸ್ಟೆಟ್ರಾಪ್ರೋಲಿನ್, ಚಿಕ್ಕದಾಗಿ ಟಿಟಿಪಿ, ಎಂಬ ಪ್ರೋಟೀನಿನದು. ಅಮೆರಿಕದ ನಾರ್ತ್ ಕೆರೊಲಿನಾದ ಪೆರಿ ಬ್ಲ್ಯಾಕ್‌ಶಿಯರ್ ತಂಡ 1996ರಲ್ಲಿ ಪ್ರಕಟಿಸಿದ ಈ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಪ್ರೋಟೀನನ್ನು ತಡೆಯುವ ಪ್ರತಿಕಾಯವನ್ನು ಎಳವೆಯಲ್ಲೇ ಕೊಟ್ಟ ಮರಿಗಳಲ್ಲಿ ಈ ತೊಂದರೆಗಳು ಬಹುಪಾಲು ತಲೆದೋರಲಿಲ್ಲ.

ಅಂದರೆ ಟಿಟಿಪಿ ಇದ್ದರಷ್ಟೇ ಟಿಎನ್‌ಎಫ್ ಹತೋಟಿಯಲ್ಲಿರುತ್ತದೆ. ಹೇಗೆ?

ಮುಳ್ಳು ಚುಚ್ಚಿದ ಜಾಗ ಕೆಂಪಗಾಗಿ ಊದುತ್ತದಲ್ಲ, ಅಲ್ಲಿರುವ ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳು ಟಿಎನ್‌ಎಫ್ ವಂಶವಾಹಿಯಿಂದ ಎಂಆರ್‌ಎನ್‌ಎ ಪ್ರತಿಗಳನ್ನು ತೆಗೆಯುತ್ತವೆ. ಒಂದೊಂದು ಪ್ರತಿಯಿಂದಲೂ ಮತ್ತೆ ಮತ್ತೆ ಪ್ರೋಟೀನು ತಯಾರಾಗುತ್ತದೆ. ಹಾಗಾಗಿ ವಂಶವಾಹಿ ಸುಮ್ಮನಾದರಷ್ಟೇ ಸಾಲದು, ಹೊರಬಿದ್ದ ಪ್ರತಿಗಳೂ ನಾಶವಾಗಬೇಕು. ಅದಕ್ಕೆ ಬೇಕಾದ ಗುರುತು ಎಂಆರ್‌ಎನ್‌ಎಯ ಕೊನೆಯ ಭಾಗದಲ್ಲೇ ಇದೆ: ಎ ಮತ್ತು ಯು ಅಕ್ಷರಗಳು ಒತ್ತೊತ್ತಾಗಿರುವ ತುಣುಕು. 1986ರಲ್ಲಿ ಗ್ರೇ ಶಾ ಮತ್ತು ರಾಬರ್ಟ್ ಕೇಮೆನ್ ಇಂಥದ್ದೇ ತುಣುಕೊಂದನ್ನು ದೀರ್ಘಕಾಲ ಬಾಳುವ ಗ್ಲೋಬಿನ್ ಎಂಆರ್‌ಎನ್‌ಎಗೆ ಸೇರಿಸಿ ನೋಡಿದ್ದರು. ಅದೂ ಅಲ್ಪಾಯುವಾಯಿತು.

ಟಿಟಿಪಿ ಹಿಡಿಯುವುದು ಈ ತುಣುಕನ್ನೇ ಎಂದು ಬ್ಲ್ಯಾಕ್‌ಶಿಯರ್ ತಂಡ 1998ರಲ್ಲಿ ತೋರಿಸಿತು. ಸತುವಿನ ಪರಮಾಣುಗಳನ್ನು ಒಳಗಿಟ್ಟುಕೊಂಡ ಎರಡು ‘ಬೆರಳು’ಗಳಿಂದ ಅಂಟಿಕೊಳ್ಳುವ ಟಿಟಿಪಿ, ಸಿಸಿಆರ್4-ನಾಟ್ ಎಂಬ ಕಿಣ್ವಗಳ ಕೂಟವನ್ನು ಕರೆತರುತ್ತದೆ. ಅದು ಎಂಆರ್‌ಎನ್‌ಎಯ ಬಾಲವನ್ನು ಮೊಟಕು ಮಾಡುತ್ತದೆ. ಬಾಲ ಕಳೆದುಕೊಂಡ ಪ್ರತಿ ಬೇಗ ಚೂರಾಗುತ್ತದೆ.

ಸೋಂಕಿನ ಆರಂಭದಲ್ಲೇ ಹೀಗಾದರೆ ದೇಹಕ್ಕೆ ರಕ್ಷಣೆ ಸಿಗದು. ಕೋಶದ ಏರ್ಪಾಡನ್ನು ಮೆಚ್ಚಬೇಕಾದ್ದು ಇಲ್ಲೇ. ಅಪಾಯದ ಸುಳಿವು ಸಿಕ್ಕಾಗ ಪಿ38 ಎಂಬ ಕಿಣ್ವ ಚುರುಕಾಗುತ್ತದೆ, ಅದು ಎಬ್ಬಿಸುವ ಎಂಕೆ2 ಟಿಟಿಪಿಗೆ ಫಾಸ್ಫೇಟ್ ಅಂಟಿಸುತ್ತದೆ. ಕೋಶದ ತುಂಬ ಟಿಟಿಪಿ ಇದ್ದರೂ ಆಗ ಅದು ಕೈಕಟ್ಟಿ ಕೂರುತ್ತದೆ. ಅಪಾಯ ತಗ್ಗಿ ಫಾಸ್ಫೇಟ್ ಕಳಚಿದೊಡನೆ ಕೆಲಸಕ್ಕಿಳಿಯುತ್ತದೆ. ಡೆಕ್ಸಾಮೆಥಸೋನ್‌ನಂಥ ಸ್ಟೆರಾಯ್ಡ್‌ಗಳು ಉರಿಯೂತ ಇಳಿಸುವ ದಾರಿಗಳಲ್ಲಿ ಪಿ38ರ ಸದ್ದಡಗಿಸುವುದೂ ಒಂದು.

ಈ ಕೆಲಸದಲ್ಲಿ ಟಿಟಿಪಿ ಒಂಟಿಯಲ್ಲ. ಜಪಾನಿನ ಒಸಾಕಾದ ಶಿಜುವೊ ಅಕಿರಾ ತಂಡ 2009ರಲ್ಲಿ ವಿವರಿಸಿದ ರೆಗ್ನೇಸ್-1 ಎಂಬ ಕಿಣ್ವ, ಉರಿಯೂತ ಹೆಚ್ಚಿಸುವ ಇನ್ನೊಂದು ಪ್ರೋಟೀನಾದ ಐಎಲ್-6ರ ಎಂಆರ್‌ಎನ್‌ಎಯನ್ನು ತಾನೇ ಕತ್ತರಿಸಿಹಾಕುತ್ತದೆ.

ಇಂದು ಸಂಧಿವಾತಕ್ಕೆ ಕೊಡುವ ಅಡಲಿಮುಮ್ಯಾಬ್ ಚುಚ್ಚುಮದ್ದು, ತಯಾರಾದ ಟಿಎನ್‌ಎಫ್ ಅನ್ನು ಹಿಡಿಯುತ್ತದೆ. ತಯಾರಾಗುವ ಮೊದಲೇ ಎಂಆರ್‌ಎನ್‌ಎಯನ್ನು ಅಳಿಸುವ ದಾರಿಯೂ ಭರವಸೆ ಹುಟ್ಟಿಸುವಂಥದ್ದೇ. 2016ರಲ್ಲಿ ಬ್ಲ್ಯಾಕ್‌ಶಿಯರ್ ತಂಡ ಟಿಟಿಪಿ ಪ್ರಮಾಣ ತುಸು ಹೆಚ್ಚಿರುವ ಇಲಿಗಳನ್ನು ರೂಪಿಸಿತು. ಪ್ರಯೋಗಕ್ಕೆಂದು ಸಂಧಿವಾತ ಬರಿಸಲು ನೋಡಿದಾಗ ಅವು ಅದನ್ನು ಚೆನ್ನಾಗಿಯೇ ತಡೆದುಕೊಂಡವು.