ಬ್ರೇಕ್ ಪೈಪಿಗೆ ಉಕ್ಕಿನ ಹೆಣಿಗೆ: ಬೇಕೆ, ಬೇಡವೆ?

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ಚೌಡಾಪುರ ಸಿಗುತ್ತದೆ. ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ ಹೊರಟವರು ಹೊರಳುವುದು ಇಲ್ಲಿಂದಲೇ. ಹುಣ್ಣಿಮೆ ಬಂದರೆ ಕಾರು, ಜೀಪು, ಬಸ್ಸುಗಳ ಸಾಲು. ಕಬ್ಬು ಸಾಗಿಸುವ ಕಾಲದಲ್ಲಿ ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರು ಕತ್ತಲಲ್ಲಿ ಇದ್ದಕ್ಕಿದ್ದಂತೆ ಕಣ್ಣಿಗೆ ಬೀಳುವುದುಂಟು. ಇಂಥ ದಾರಿಯಲ್ಲಿ ಕಾರು ಓಡಿಸುವವರಿಗೆ ಬ್ರೇಕಿನ ಚಿಂತೆ ಸಹಜ. ಕಾರಿನ ಹುಚ್ಚು ಹತ್ತಿದ ಹುಡುಗರ ವಾದವೊಂದಿದೆ: ರಬ್ಬರ್ ಪೈಪು ತೆಗೆಸಿ, ಉಕ್ಕಿನ ತಂತಿ ಹೆಣೆದ ಪೈಪು ಹಾಕಿಸಿದರೆ ಕಾರು ಬೇಗ ನಿಲ್ಲುತ್ತದೆ. ಇದು ಎಷ್ಟು ನಿಜ?

ಪ್ಯಾಸ್ಕಲ್‌ನ ನಿಯಮ

ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಕಂಡುಕೊಂಡ ಈ ನಿಯಮವನ್ನು ಪಿಯುಸಿ ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಕಾರಿನ ಬ್ರೇಕು ನಡೆಯುವುದು ಇದರಿಂದಲೇ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಬ್ರೇಕ್ ಆಯಿಲನ್ನು ಒತ್ತುತ್ತದೆ. ಆ ಒತ್ತಡ ಚಕ್ರದ ಬಳಿಯ ದೊಡ್ಡ ಪಿಸ್ಟನ್ನಿಗೆ ತಲುಪುತ್ತದೆ. ಅದರ ವಿಸ್ತೀರ್ಣ 5 ಪಟ್ಟು ಹೆಚ್ಚಿದ್ದರೆ ಬಲವೂ 5 ಪಟ್ಟು! 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಗಳಿಗೆ ಇಂಥ ಬ್ರೇಕು ಹೊತ್ತು ಬಂದಿತು.

ಕಾರಿನ ಅಡಿಯಲ್ಲಿ ಆಯಿಲು ಲೋಹದ ಕೊಳವೆಯಲ್ಲಿ ಸಾಗುತ್ತದೆ. ಆದರೆ ಚಕ್ರ ತಿರುಗಬೇಕು, ಮೇಲೆ ಕೆಳಗೆ ಕುಣಿಯಬೇಕು. ಆದ್ದರಿಂದ ಕೊನೆಯ ತುಸು ದೂರಕ್ಕೆ ಬಾಗುವ ರಬ್ಬರ್ ಪೈಪು ಬೇಕು. ಜೋರಾಗಿ ತುಳಿದಾಗ ಇದು ಸ್ವಲ್ಪ ಉಬ್ಬುತ್ತದೆ. ಹೆಣಿಗೆ ಪೈಪಿನ ಒಳಗಡೆ ಇರುವುದು ಟೆಫ್ಲಾನ್ ಕೊಳವೆ. ಆಹಾರ ಅಂಟದ ತವೆಗೆ ಬಳಿಯುವ ವಸ್ತುವೇ ಇದು. 1938ರಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದದ್ದು. ಮೇಲೆ ಉಕ್ಕಿನ ತಂತಿಯ ಬಲೆ. ಇದು ಉಬ್ಬುವುದು ಬಹಳ ಕಡಿಮೆ. ಹಾಗಾಗಿ ಪೆಡಲ್ ಗಟ್ಟಿಯಾಗಿ ಕಾಲಿಗೆ ಸಿಗುತ್ತದೆ. ಮತ್ತೆ ಮತ್ತೆ ಬಲವಾಗಿ ಬ್ರೇಕು ಹಾಕುವ ರೇಸ್ ಚಾಲಕರಿಗೆ ಇದರಿಂದ ಲಾಭವಿದೆ.

ಕಾರನ್ನು ನಿಲ್ಲಿಸುವುದು ಟೈರು

ಸುಸ್ಥಿತಿಯಲ್ಲಿರುವ ರಬ್ಬರ್ ಪೈಪೇ ಚಕ್ರದ ತಿರುಗುವಿಕೆಯನ್ನು ಪೂರ್ತಿ ತಡೆಯುವಷ್ಟು ಒತ್ತಡ ಮುಟ್ಟಿಸುತ್ತದೆ. ಆಮೇಲೆ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆಗೆ ಬಿಟ್ಟದ್ದು.

ಲೆಕ್ಕ ಹಾಕಿ ನೋಡಿ. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಚಾಲಕ ಎಚ್ಚೆತ್ತು ಪೆಡಲ್ ತುಳಿಯಲು 1 ಸೆಕೆಂಡ್ ಹಿಡಿದರೆ 20 ಮೀಟರ್ ಆಗಲೇ ಸರಿಯಿತು. ಒಣ ರಸ್ತೆಯ ಘರ್ಷಣಾಂಕ 0.7 ಎಂದುಕೊಂಡರೆ ನಿಲ್ಲಲು ಇನ್ನೂ ಸುಮಾರು 29 ಮೀಟರ್, ಒಟ್ಟು 49. ವೇಗ 54 ಕಿ.ಮೀ. ಇದ್ದರೆ ಒಟ್ಟು ಸುಮಾರು 31 ಮೀಟರ್ ಸಾಕು. ವೇಗ ತಗ್ಗಿಸಿದ್ದರಿಂದಲೇ 18 ಮೀಟರ್ ಉಳಿಯಿತು! ಯಾವ ಪೈಪೂ ಇಷ್ಟು ಉಳಿಸಿಕೊಡದು. ಮಳೆಗಾಲದಲ್ಲಿ ಹೊಲದ ಎರೆಮಣ್ಣು ಡಾಂಬರಿಗೆ ಮೆತ್ತಿ ಘರ್ಷಣಾಂಕ ಅರ್ಧಕ್ಕಿಳಿದರೆ, ಪೆಡಲ್ ತುಳಿದ ಮೇಲೆ ನಿಲ್ಲುವ ದೂರ ಇಮ್ಮಡಿ.

ಪೆಡಲ್ ಮೆತ್ತಗಾದರೆ?

ಪೆಡಲ್ ಆಳಕ್ಕೆ ಹೋದರೆ ಕಾರಣ ಬೇರೆಯೇ ಇರಬಹುದು: ಆಯಿಲಿನಲ್ಲಿ ಗಾಳಿ ಸೇರಿರಬಹುದು, ಎಲ್ಲೋ ಸೋರುತ್ತಿರಬಹುದು, ಇಲ್ಲವೇ ಪೈಪು ಹಳತಾಗಿರಬಹುದು. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಸೇರಿದಾಗ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕು ಕಾದು ಆಯಿಲು ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ಆವಿ ಸುಲಭವಾಗಿ ಕುಗ್ಗುತ್ತದೆ, ಪೆಡಲ್ ಪಾತಾಳಕ್ಕೆ! ಉಕ್ಕಿನ ಹೆಣಿಗೆ ಆಗ ಏನೂ ಮಾಡಲಾರದು.

ಹಾಕಿಸಲೇಬೇಕೆಂದರೆ

ಆಯಾ ಮಾದರಿಯ ಕಾರಿಗೆಂದೇ ತಯಾರಾಗಿ, ಒತ್ತಡದ ಪರೀಕ್ಷೆಯಾದ ಪೈಪನ್ನೇ ಕೊಳ್ಳಬೇಕು. ಬ್ರೇಕ್ ಹೋಸಿಗೆ ಭಾರತೀಯ ಮಾನಕ ಐ.ಎಸ್. 7079 ಇದೆ, ಅಂಗಡಿಯಲ್ಲಿ ಅದನ್ನು ಕೇಳಿ. ತುದಿಯ ಫಿಟಿಂಗನ್ನು ಕಾರ್ಖಾನೆಯಲ್ಲೇ ಬಿಗಿದಿರಬೇಕು. ಕೈಯಿಂದ ಜೋಡಿಸಿದ್ದು ಬೇಡ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಪೈಪು ಎಳೆಯದಂತೆ, ಎಲ್ಲೂ ಉಜ್ಜದಂತೆ ನೋಡಬೇಕು. ಹೊದಿಕೆಯಿಲ್ಲದ ಉಕ್ಕಿನ ಹೆಣಿಗೆ ಅರದಂತೆ, ತಾಗಿದ್ದನ್ನು ಸವೆಸುತ್ತದೆ. ಹೊಸ ವಾಷರ್ ಹಾಕಿ, ಗಾಳಿ ಪೂರ್ತಿ ತೆಗೆಯಬೇಕು. ಕಾರಿನ ವಾರಂಟಿಗೆ ತೊಡಕಾಗುವುದೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು.

ಮನೆಯ ಕಾರಿಗೆ ಇಷ್ಟು ಸಾಕು: ಒಳ್ಳೆಯ ಟೈರು, ಕೈಪಿಡಿ ಹೇಳಿದ ಅವಧಿಗೆ ಹೊಸ ಆಯಿಲು, ಬಿರುಕು ಬಿಟ್ಟ ರಬ್ಬರ್ ಪೈಪಿನ ಬದಲಿಗೆ ಕಂಪನಿಯ ಹೊಸ ರಬ್ಬರ್ ಪೈಪು. ದಾರಿ ಹಿಡಿಯುವ ಮುನ್ನ ಎಂಜಿನ್ ಚಾಲೂ ಮಾಡಿ, ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅದು ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಕಾರು ಹೊರಡಿಸಬೇಡಿ, ಮೆಕ್ಯಾನಿಕ್ಕನ್ನು ಕರೆಯಿರಿ. ಈ ಪರೀಕ್ಷೆಗೆ ಒಂದು ಪೈಸೆಯೂ ಖರ್ಚಿಲ್ಲ.